ಎರಿ ಹೊಲದ ಹಳಿ, ಹತ್ತಿಯ ವ್ಯಾಗನ್ನು

ರೋಣ, ನರಗುಂದ, ಗಜೇಂದ್ರಗಡ: ಗದಗ ಜಿಲ್ಲೆಯ ಈ ಮೂರು ಊರುಗಳಲ್ಲಿ ಯಾವುದರ ಪೇಟೆಯೊಳಗೂ ರೈಲು ಬರುವುದಿಲ್ಲ. ರೋಣದವರು ಮಲ್ಲಾಪುರಕ್ಕೋ ಹೊಳೆಆಲೂರಿಗೋ ಹೋಗಿ ಗಾಡಿ ಹಿಡಿಯಬೇಕು. ನರಗುಂದಕ್ಕೂ ಗಜೇಂದ್ರಗಡಕ್ಕೂ ಹಳಿಯ ನಂಟೇ ಇಲ್ಲ. ಹೀಗಿದ್ದೂ ಮೀಟರ್ ಗೇಜ್ ರೈಲನ್ನು ಮೇಜಿನ ಮೇಲೆ ಕಿರಿದಾಗಿ ಕಟ್ಟಬೇಕೆನ್ನುವ ಹವ್ಯಾಸಿಗೆ ಇದಕ್ಕಿಂತ ಒಳ್ಳೆಯ ಸೀಮೆ ಸಿಗುವುದು ಕಷ್ಟ. ಬೆಳೆ ಒಂದೇ, ಹತ್ತಿ; ಹಳಿ ಒಂದೇ, ಗದಗ–ಹೊಟಗಿ ಮಾರ್ಗ. ಆ ಹಳಿಯ ಅಗಲವೂ 1884ರ ಸುಮಾರಿನಿಂದ 2008ರ ಸುಮಾರಿನವರೆಗೆ, ಒಂದೂಕಾಲು ಶತಮಾನ, ಬದಲಾಗಲಿಲ್ಲ.

ಹವ್ಯಾಸಿಗಳು ಸಾಮಾನ್ಯವಾಗಿ ಮೊದಲು ಎಂಜಿನ್ನಿಗೆ ಮನಸೋಲುತ್ತಾರೆ. ದುಡ್ಡೆಲ್ಲ ಅದಕ್ಕೇ ಸುರಿದು, ಹಿಂದೆ ಎಳೆಯಲು ಕೈಗೆ ಸಿಕ್ಕ ಡಬ್ಬಿಗಳನ್ನು ಜೋಡಿಸುತ್ತಾರೆ. ಈ ಸೀಮೆಯ ಚರಿತ್ರೆ ಮಾತ್ರ ಅದನ್ನು ತಿರುವಿ ಹಾಕುತ್ತದೆ. ಇಲ್ಲಿಗೆ ರೈಲು ಬಂದದ್ದು ಸರಕಿಗಾಗಿ. ಆದ್ದರಿಂದ ಕೆಲಸ ಶುರುವಾಗಬೇಕಾದದ್ದೂ ಸರಕಿನ ವ್ಯಾಗನ್ನಿನಿಂದ.

ರೈಲಿಗೆ ಮುಂಚೆ ಇಲ್ಲಿಯ ಹತ್ತಿ ಚಕ್ಕಡಿಯಲ್ಲಿ, ಎತ್ತಿನ ಬೆನ್ನ ಮೇಲೆ ಸಹ್ಯಾದ್ರಿಯ ಘಟ್ಟ ಇಳಿದು ಕುಮಟೆಯ ಬಂದರಿಗೆ ಹೋಗುತ್ತಿತ್ತು. ಅಲ್ಲಿಂದ ಹಡಗೇರಿದ್ದರಿಂದಲೇ ಧಾರವಾಡ ಸೀಮೆಯ ನಾಟಿ ಹತ್ತಿಗೆ ಬೊಂಬಾಯಿಯ ವ್ಯಾಪಾರಿಗಳು ‘ಕುಮಟಾ’ ಎಂದೇ ಹೆಸರಿಟ್ಟರು. 1840ರ ದಶಕದಲ್ಲಿ ಕಲೆಕ್ಟರ್ ಶಾ ಅಮೆರಿಕದ ಬೀಜವನ್ನು ಇಲ್ಲಿಯ ಎರಿ ಹೊಲಗಳಲ್ಲಿ ಬಿತ್ತಿಸಲು ಹಟ ಹಿಡಿದ ಮೇಲೆ ‘ಧಾರವಾಡ–ಅಮೆರಿಕನ್’ ಎಂಬ ಇನ್ನೊಂದು ಬಗೆ ಸೇರಿತು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಅಲ್ಲಿಯ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ಬರದೆ ನಿಂತಾಗ, ಈ ಕಡೆಯ ಹತ್ತಿಯ ಬೆಲೆ ಏರಿತು. ಹತ್ತಿ ಬಂದರು ಮುಟ್ಟುವ ದಾರಿ ಮಾತ್ರ ಚಕ್ಕಡಿಯದೇ ಆಗಿತ್ತು. ಕಾರವಾರಕ್ಕೆ ಹಳಿ ಹಾಕಬೇಕೆಂಬ ಕೂಗು ಅಂದೇ ಎದ್ದಿತ್ತು. ಹುಬ್ಬಳ್ಳಿ–ಅಂಕೋಲಾ ಮಾರ್ಗ ಇಂದಿಗೂ ಆಗಿಲ್ಲ ಎಂಬುದನ್ನು ನೆನೆದರೆ ಆ ಕೂಗಿನ ವಯಸ್ಸು ತಿಳಿಯುತ್ತದೆ.

ಕೊನೆಗೆ ಹಳಿ ತಂದದ್ದು ಬರಗಾಲ. 1876–78ರ ಭೀಕರ ಬರದಲ್ಲಿ ಧಾರವಾಡ, ವಿಜಾಪುರ, ಬಳ್ಳಾರಿ ಸೀಮೆಗಳಲ್ಲಿ ಜನ ಹಸಿದು ಸತ್ತರು. ಬೇರೆ ಕಡೆಯ ಧಾನ್ಯವನ್ನು ಇಲ್ಲಿಗೆ ತಲುಪಿಸುವ ದಾರಿ ಇರಲಿಲ್ಲ. ಕಾಳು ಹೊರುವ ಎತ್ತಿಗೇ ದಾರಿಯಲ್ಲಿ ಮೇವು ನೀರು ಸಿಗದ ಕಾಲ ಅದು. 1880ರ ಬರಗಾಲ ಆಯೋಗ ಇಂಥ ಕಡೆಗಳಿಗೆ ರಕ್ಷಣೆಯ ರೈಲುಮಾರ್ಗ ಬೇಕೆಂದಿತು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. 1884ರಲ್ಲಿ ಅಚ್ಚಾದ ಧಾರವಾಡ ಗೆಜೆಟಿಯರಿನಲ್ಲಿ ‘ಈಸ್ಟ್ ಡೆಕ್ಕನ್ ಅಥವಾ ಹೊಟಗಿ–ಗದಗ ರೈಲು’ ಎಂದು ಹೆಸರಾದ ಹಾದಿಯೇ ರೋಣ ತಾಲೂಕನ್ನು ಸೀಳಿಕೊಂಡು ಹೋದದ್ದು. ಗದಗ ಬಿಟ್ಟರೆ ಕಣಗಿನಹಾಳ, ಬಳಗಾನೂರು, ಮಲ್ಲಾಪುರ, ಹೊಳೆಆಲೂರು. ಮಲಪ್ರಭೆ ದಾಟಿದರೆ ಬಾದಾಮಿಯ ಕಡೆ.

ಬರಗಾಲದ ಹಣದಲ್ಲಿ ಕಟ್ಟಿದ ಹಳಿಯಾದ್ದರಿಂದ ಖರ್ಚು ಕಡಿಮೆ ಇರಬೇಕಿತ್ತು. ಹಾಗಾಗಿ ಒಂದು ಮೀಟರ್ ಅಗಲ. ಈ ಉಳಿತಾಯದ ದಂಡವನ್ನು ಹೊಟಗಿಯಲ್ಲಿ ತೆರಬೇಕಾಯಿತು. ಬೊಂಬಾಯಿ–ಮದರಾಸು ದೊಡ್ಡ ಹಳಿ ಅಲ್ಲಿ ಎದುರಾಗುತ್ತಿದ್ದರಿಂದ ಒಂದೊಂದು ಮೂಟೆಯನ್ನೂ ಹಮಾಲರು ಈ ವ್ಯಾಗನ್ನಿನಿಂದ ಇಳಿಸಿ ಆ ವ್ಯಾಗನ್ನಿಗೆ ಏರಿಸಬೇಕು. ಪಡುವಣ ದಿಕ್ಕಿಗೆ ಆ ತೊಡಕಿರಲಿಲ್ಲ. 1888ರ ಹೊತ್ತಿಗೆ ಕ್ಯಾಸಲ್ ರಾಕ್ ಹಾಯ್ದು ಮರ್ಮಗೋವಾ ಬಂದರಿನತನಕ ಮೀಟರ್ ಗೇಜ್ ಹಳಿಯೇ ಕೂಡಿಕೊಂಡಿತು. ರೋಣದ ಹತ್ತಿ ಕುಮಟೆಯನ್ನು ಮರೆತದ್ದು ಆಗ.

ಹತ್ತಿಯ ಸ್ವಭಾವ ತಿಳಿಯದೆ ಹತ್ತಿಯ ವ್ಯಾಗನ್ ಕಟ್ಟಲಾಗದು. ಅಂಡಿಗೆಯಲ್ಲಿ ತುಳಿದು ತುಂಬಿದ ಹತ್ತಿ ತೂಗುವುದು ಕಡಿಮೆ, ಜಾಗ ನುಂಗುವುದು ಹೆಚ್ಚು. ವ್ಯಾಗನ್ನಿನ ಹೊರೆಯ ಮಿತಿ ಮುಟ್ಟುವ ಮೊದಲೇ ಒಳಗೆಲ್ಲ ಭರ್ತಿ. ಗದಗಿನಂಥ ಪೇಟೆಗಳಲ್ಲಿ ಬೀಜ ಬೇರ್ಪಡಿಸುವ ಜಿನ್ನಿನ ಪಕ್ಕದಲ್ಲೇ ಪ್ರೆಸ್ಸು ಎದ್ದದ್ದಕ್ಕೆ ಈ ಲೆಕ್ಕಾಚಾರವೂ ಒಂದು ಕಾರಣ. ಪ್ರೆಸ್ಸಿನಲ್ಲಿ ಬಿಗಿದ ಬೇಲು 392 ಪೌಂಡು, ಎಂದರೆ ಸುಮಾರು 178 ಕಿಲೋ. ಉದ್ದ ನಾಲ್ಕು ಅಡಿ ಚಿಲ್ಲರೆ. ಎಂಜಿನ್ನಿನ ಕಿಡಿ ಹಾರಿದರೆ ಹತ್ತಿ ಹೊತ್ತಿಕೊಳ್ಳುತ್ತದೆ, ಆದ್ದರಿಂದ ಅದು ಸಾಗಬೇಕಾದದ್ದು ಮುಚ್ಚಿದ ವ್ಯಾಗನ್ನಿನಲ್ಲಿ, ಇಲ್ಲವೇ ತಾಡಪಾಲು ಬಿಗಿದ ತೆರೆದ ವ್ಯಾಗನ್ನಿನಲ್ಲಿ. ಬೇಲುಗಳು ಬಿಳಿಬಿಳಿಯಾಗಿ ಎದ್ದು ಕಾಣುವಂತೆ ಪೇರಿಸಿದ ಮಾದರಿ ನೋಡಲು ಚೆಂದವಿರಬಹುದು, ಆದರೆ ಗಾರ್ಡ್ ಅದನ್ನು ನಿಲ್ದಾಣ ಬಿಡಲು ಒಪ್ಪುತ್ತಿರಲಿಲ್ಲ.

ಇನ್ನು ಅಳತೆ. ಹವ್ಯಾಸಿಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ‘ಎಚ್‌ಓ’ ಪ್ರಮಾಣ ಎಂದರೆ ನಿಜದ 87ರಲ್ಲಿ ಒಂದು ಪಾಲು. ಈ ಪ್ರಮಾಣದಲ್ಲಿ ನಮ್ಮ ಬ್ರಾಡ್ ಗೇಜ್ ಕಟ್ಟುವವರು ಶುರುವಿನಲ್ಲೇ ರಾಜಿಯಾಗಬೇಕು: 1,676 ಮಿ.ಮೀ. ಹಳಿ 19.3 ಮಿ.ಮೀ. ಆಗಬೇಕು, ಅಂಗಡಿಯಲ್ಲಿ ಸಿಗುವುದು ಯುರೋಪಿನ ಅಗಲಕ್ಕೆ ಮಾಡಿದ 16.5ರ ಹಳಿ. ಮೀಟರ್ ಗೇಜಿನವರದು ಪುಣ್ಯ. ಒಂದು ಮೀಟರಿಗೆ 11.5 ಮಿ.ಮೀ. ಬರುತ್ತದೆ, 12 ಮಿ.ಮೀ. ಹಳಿ ಸಿದ್ಧವಾಗಿಯೇ ಸಿಗುತ್ತದೆ. ಅದಕ್ಕೆ ಸ್ವಿಟ್ಜರ್ಲೆಂಡಿಗೆ ಋಣಿಯಾಗಿರಬೇಕು. ಅಲ್ಲಿಯ ರೇಷಿಯನ್ ರೈಲು ಕೂಡ ಮೀಟರ್ ಗೇಜೇ, ಅದರ ಮಾದರಿಗಳನ್ನು ಜರ್ಮನಿಯ ಬೆಮೊ ಕಂಪನಿ ಮಾಡುತ್ತದೆ. ಆಲ್ಪ್ಸ್ ಬೆಟ್ಟದ ರೈಲಿನ ಹಳಿ, ಚಕ್ರ, ಮೋಟಾರು ರೋಣದ ಗೂಡ್ಸಿಗೆ ಒದಗುವುದು ವಿಚಿತ್ರವೆನಿಸಿದರೂ ಲೆಕ್ಕ ಸರಿಯಾಗಿದೆ.

ಮೈಕಟ್ಟಿನ ಲೆಕ್ಕದಲ್ಲಿ ಮಾತ್ರ ಎಚ್ಚರ ಬೇಕು. ನಮ್ಮ ಮೀಟರ್ ಗೇಜ್ ಡಬ್ಬಿಯ ಅಗಲ ಒಂಬತ್ತು ಅಡಿಯವರೆಗೂ ಹೋಗುತ್ತಿತ್ತು. ಹಳಿಯ ಅಗಲಕ್ಕೆ ಅದು ಎರಡೂವರೆ ಪಟ್ಟಿಗೂ ಹೆಚ್ಚು, ಮಾದರಿಯಲ್ಲಿ 12 ಮಿ.ಮೀ. ಹಳಿಯ ಮೇಲೆ 31 ಮಿ.ಮೀ. ದಾಟಿದ ಡಬ್ಬಿ. ತೂಕ ಮೇಲೆ ಸೇರಿದರೆ ತಿರುವಿನಲ್ಲಿ ಮಗುಚುವುದು ಖಂಡಿತ. ಸೀಸದ ತುಂಡುಗಳನ್ನು ಚೌಕಟ್ಟಿನ ಅಡಿಗೇ ಅಂಟಿಸಬೇಕು, ಗೋಡೆಗೂ ಚಾವಣಿಗೂ ತೆಳು ಹಾಳೆ ಬಳಸಬೇಕು. ಎಷ್ಟು ತೂಕ ಎಂಬುದಕ್ಕೆ ಅಮೆರಿಕದಲ್ಲಿ 1935ರಲ್ಲಿ ಹುಟ್ಟಿದ ರಾಷ್ಟ್ರೀಯ ಮಾದರಿ ರೈಲು ಸಂಘದ ಸೂತ್ರವಿದೆ: ಎಚ್‌ಓ ಪ್ರಮಾಣಕ್ಕೆ ಮೊದಲು 28 ಗ್ರಾಂ, ಮೇಲೆ ಉದ್ದದ ಪ್ರತಿ ಇಂಚಿಗೆ 14 ಗ್ರಾಂ. ಮೂರಿಂಚಿನ ವ್ಯಾಗನ್ನಿಗೆ 70 ಗ್ರಾಂ ಆಯಿತು. ಮೂರಡಿ ಗೇಜಿನ ಮಾದರಿಗೆ ಇದರ ಮುಕ್ಕಾಲು ಪಾಲು ಸಾಕೆಂದು ಅದೇ ಸಂಘ ಹೇಳುತ್ತದೆ. ಮೀಟರ್ ಗೇಜಿಗೂ ಅದನ್ನೇ ಹಿಡಿಯಬಹುದು. ಎಲ್ಲ ವ್ಯಾಗನ್ನುಗಳ ತೂಕವೂ ಒಂದು ಹದದಲ್ಲಿರಬೇಕು. ಹಗುರವಾದದ್ದೊಂದು ನಡುವೆ ಸಿಕ್ಕಿಕೊಂಡರೆ ಮುಂದಿನದರ ಸೆಳೆತಕ್ಕೆ, ಹಿಂದಿನದರ ಭಾರಕ್ಕೆ ಅದೇ ಮೊದಲು ಹಳಿ ಬಿಡುತ್ತದೆ.

ಉದ್ದನೆಯ ಡಬ್ಬಿಗೆ ಇನ್ನೊಂದು ಉಪಾಯವಿದೆ. ಅದರ ಅಡಿ ಎರಡು ಕಡೆ ತಿರುಗುವ ಚಕ್ರದ ಚೌಕಟ್ಟುಗಳಲ್ಲಿ ಒಂದರ ಸ್ಕ್ರೂ ಬಿಗಿ ಮಾಡಿ ಅಕ್ಕಪಕ್ಕ ಹೊರಳದಂತೆ ಇಡಬೇಕು. ಇನ್ನೊಂದನ್ನು ಎಲ್ಲ ಕಡೆಗೂ ಆಡುವಷ್ಟು ಸಡಿಲ ಬಿಡಬೇಕು. ಆಗ ಡಬ್ಬಿ ಮೂರು ಕಾಲಿನ ಮಣೆ ಕೂತಂತೆ ಕೂರುತ್ತದೆ, ಹಳಿ ತುಸು ಏರುಪೇರಾದರೂ ಯಾವ ಚಕ್ರವೂ ಮೇಲೇಳುವುದಿಲ್ಲ. ತಿರುವಿನ ತ್ರಿಜ್ಯ ಅತಿ ಉದ್ದದ ಡಬ್ಬಿಯ ಮೂರು ಪಟ್ಟು ಇದ್ದರೆ ಓಟ ಸಲೀಸು. ಆಮೇಲಿನ ಕಾಲದ ಉಕ್ಕಿನ ಡಬ್ಬಿ ಸುಮಾರು 64 ಅಡಿ, ಮಾದರಿಯಲ್ಲಿ 22 ಸೆಂ.ಮೀ. ಚಿಲ್ಲರೆ, ತಿರುವಿಗೆ 67 ಸೆಂ.ಮೀ.ಗಿಂತ ಕಡಿಮೆ ಇಡುವುದು ಬೇಡ.

ಕಣ್ಣಿಗೆ ಥಟ್ಟನೆ ಬೀಳುವ ತಪ್ಪು ಬಫರಿನದು. ಬ್ರಾಡ್ ಗೇಜಿನ ಹಳೆಯ ಗಾಡಿಗಳಿಗೆ ತುದಿಯಲ್ಲಿ ಎರಡು ಬಫರ್ ಇದ್ದವು. ಮೀಟರ್ ಗೇಜಿಗೆ ನಡುವೆ ಒಂದೇ ಒಂದು, ಅದರಲ್ಲೇ ಕೊಕ್ಕೆ. ಯುರೋಪಿನ ದೊಡ್ಡ ಹಳಿಯ ವ್ಯಾಗನ್ ತಂದು ಚಕ್ರ ಬದಲಿಸಿದರಷ್ಟೇ ಸಾಲದು, ಎರಡೂ ಬಫರ್ ಕತ್ತರಿಸಿ ನಡುವಿನದನ್ನು ಕೂರಿಸಬೇಕು. ಕೆಳಗೆ ನಿರ್ವಾತ ಬ್ರೇಕಿನ ಸಿಲಿಂಡರು, ಪಕ್ಕದಲ್ಲಿ ಕೈಬ್ರೇಕಿನ ಉದ್ದನೆಯ ಸನ್ನೆ. ಇವಿಷ್ಟಿದ್ದರೆ ವ್ಯಾಗನ್ ತನ್ನ ಊರನ್ನು ತಾನೇ ಹೇಳುತ್ತದೆ.

ಗೋಡೆಯ ಮೇಲಿನ ಅಕ್ಷರ ಕಾಲವನ್ನು ಹೇಳುತ್ತದೆ. 1908ರಲ್ಲಿ ಸದರ್ನ್ ಮರಾಠಾ ಕಂಪನಿ ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆಯಲ್ಲಿ ಸೇರಿತು. 1951ರ ಏಪ್ರಿಲಿನಲ್ಲಿ ಅದು ದಕ್ಷಿಣ ರೈಲ್ವೆಯಾಯಿತು. 1966ರ ಅಕ್ಟೋಬರ್ 2ರಿಂದ ಹುಬ್ಬಳ್ಳಿ ವಿಭಾಗ ದಕ್ಷಿಣ ಮಧ್ಯ ರೈಲ್ವೆಗೆ, 2003ರಲ್ಲಿ ಹುಬ್ಬಳ್ಳಿಯೇ ಕೇಂದ್ರವಾದ ನೈಋತ್ಯ ರೈಲ್ವೆಗೆ. ‘ಎಸ್‌ಆರ್’ ಬರೆದ ವ್ಯಾಗನ್ನನ್ನು 1940ರ ಗಾಡಿಗೆ ಜೋಡಿಸಿದರೆ ತಿಳಿದವರು ನಗುತ್ತಾರೆ. ಡಬ್ಬಿಯ ಮೇಲೆ ‘ಮೂರನೇ ದರ್ಜೆ’ ಎಂದಿದ್ದರೆ ಅದು 1974ಕ್ಕಿಂತ ಹಿಂದಿನದು, ಆ ವರ್ಷ ಆ ದರ್ಜೆಯೇ ಹೋಯಿತು. ಸಂಕೇತಾಕ್ಷರಗಳ ಮೊದಲಲ್ಲಿ ಬರುವ ‘ಎಂ’ ಮೀಟರ್ ಗೇಜಿನ ಗುರುತು.

ಎಂಜಿನ್ನಿನ ಮಾತು ಚುಟುಕಾಗಿ ಮುಗಿಸಬಹುದು. ಸ್ವಾತಂತ್ರ್ಯಾನಂತರದ ಗಾಡಿಗೆ ಜನರನ್ನು ಎಳೆಯಲು ವೈಪಿ, ಸರಕನ್ನು ಎಳೆಯಲು ವೈಜಿ. 1949ರಿಂದ ಮುಂದಿನ ಎರಡು ದಶಕಗಳಲ್ಲಿ ವೈಪಿ 871, ವೈಜಿ 1,074 ತಯಾರಾದವು, ಎರಡನ್ನೂ ಟೆಲ್ಕೊ ದೊಡ್ಡ ಸಂಖ್ಯೆಯಲ್ಲಿ ಕಟ್ಟಿತು. ಡೀಸೆಲ್ ಬೇಕಾದವರಿಗೆ ವೈಡಿಎಂ4. ಉಗಿ ಎಂಜಿನ್ನಿನ ಚಂದಕ್ಕೆ ಮರುಳಾಗುವವರು ಆಗಲಿ, ಆದರೆ ಅದರ ಹಿಂದಿನ ಎಂಟು ವ್ಯಾಗನ್ ಮೊದಲು ಮುಗಿದಿರಲಿ.

ಡಬ್ಬಿಗಳಲ್ಲಿ ಸೆಖೆ ಕಾಣಬೇಕು. ಮರದ ಪಟ್ಟಿಗಳ ಓರೆ ಕಿಟಕಿ ಬಾಗಿಲುಗಳನ್ನೆಲ್ಲ ಒಂದೇ ಎತ್ತರಕ್ಕೆ ಇಳಿಸದೆ, ಬಿಸಿಲಿನ ಕಡೆ ಮುಚ್ಚಿ ನೆರಳಿನ ಕಡೆ ಅರೆ ತೆರೆದಿಟ್ಟರೆ ಒಳಗೆ ಜನ ಇರುವುದು ಹೊರಗಿನಿಂದಲೇ ಗೊತ್ತಾಗುತ್ತದೆ. ಹಳೆಯ ಮರದ ಡಬ್ಬಿಯ ಚಾವಣಿಗೆ ಕ್ಯಾನ್ವಾಸು ಬಿಗಿಯುತ್ತಿದ್ದರು. ತೆಳು ಟಿಶ್ಯೂ ಕಾಗದವನ್ನು ಅಂಟಿನಲ್ಲಿ ನೆನೆಸಿ ಹೊದಿಸಿದರೆ ಆ ನೇಯ್ಗೆ ಬರುತ್ತದೆ. ರೋಣದಲ್ಲಿ 1922ರಲ್ಲಿ ಹುಟ್ಟಿದ ಭೀಮಸೇನ ಜೋಶಿಯವರು ಹನ್ನೊಂದರ ವಯಸ್ಸಿನಲ್ಲಿ ಗುರುವನ್ನು ಹುಡುಕುತ್ತ ಮನೆ ಬಿಟ್ಟು ರೈಲು ಹತ್ತಿದ್ದು ಇಂಥ ಡಬ್ಬಿಗಳ ಕಾಲದಲ್ಲೇ.

ಬಣ್ಣ ಹಚ್ಚಿದ ಮೇಲೆ ಧೂಳು ಹಚ್ಚುವ ಕೆಲಸವಿದೆ. ವಿದೇಶಿ ಡಬ್ಬಿಯಲ್ಲಿ ಬರುವ ಪುಡಿಗಳು ಹೆಚ್ಚಾಗಿ ತುಕ್ಕಿನ ಕಂದು. ಎರಿಮಣ್ಣು ಹಸಿಯಿದ್ದಾಗ ಕಪ್ಪು, ಒಣಗಿ ಹಾರಿದಾಗ ಬೂದಿ. ಮಲ್ಲಾಪುರದಲ್ಲಿ ನಿಂತ ವ್ಯಾಗನ್ನಿನ ಚಕ್ರದ ಬಳಿ ಆ ಬೂದಿಬಣ್ಣವೇ ಇರಬೇಕು. ಬಾದಾಮಿಯ ಕಡೆಯಿಂದ ಬಂದದ್ದಾದರೆ ಅಲ್ಲಿಯ ಮರಳುಗಲ್ಲಿನ ಕೆಂಪು ಅದರ ಮೇಲೊಂದು ತೆಳು ಪದರವಾಗಿ ಬೀಳಲಿ. ಬಾಗಲಕೋಟೆಯ ಸಿಮೆಂಟು ಹೊತ್ತದ್ದಾದರೆ ಬಾಗಿಲ ಸುತ್ತ ಬಿಳಿಚು ಸೋರಿಕೆ.

ಯಾವ ನಿಲ್ದಾಣ ಕಟ್ಟಬೇಕು ಎಂಬ ಪ್ರಶ್ನೆಗೂ ಅಳತೆಯೇ ಉತ್ತರ. ಹುಬ್ಬಳ್ಳಿಯ ಈಗಿನ 1,507 ಮೀಟರ್ ಪ್ಲಾಟ್‌ಫಾರ್ಮು ಈ ಪ್ರಮಾಣದಲ್ಲೂ 17 ಮೀಟರ್ ದಾಟುತ್ತದೆ, ಅದಕ್ಕೆ ಮದುವೆ ಮಂಟಪವೇ ಬೇಕು. ಮಲ್ಲಾಪುರದಂಥ ಸಣ್ಣ ನಿಲ್ದಾಣ, ಒಂದು ಬಳಸು ಹಳಿ, ಗೂಡ್ಸ್ ಶೆಡ್ಡಿಗೆ ಇನ್ನೊಂದು. ಒಂದು ಕೋಣೆಯ ಗೋಡೆಗುಂಟ ಹಿಡಿಸುತ್ತದೆ.

ಹಳೆಯ ಗಾಡಿಗಳನ್ನು ಕಣ್ಣಾರೆ ಕಂಡು ಅಳೆಯಲು ಜಾಗಗಳಿವೆ. ಸದರ್ನ್ ಮರಾಠಾ ಕಂಪನಿಯ ಕಾಲದ ಹುಬ್ಬಳ್ಳಿ ಕಾರ್ಖಾನೆ ಇಂದಿಗೂ ಗದಗ ರಸ್ತೆಯಲ್ಲಿ ಕೆಲಸ ಮಾಡುತ್ತಿದೆ, ಆದರೆ ಬ್ರಾಡ್ ಗೇಜಿಗೆ. ಅದೇ ಊರಿನಲ್ಲಿ 2020ರ ಆಗಸ್ಟಿನಲ್ಲಿ ತೆರೆದ ರೈಲು ಸಂಗ್ರಹಾಲಯ ಮಲಪ್ರಭಾ, ಘಟಪ್ರಭಾ ಎಂಬ ಎರಡು ಹಳೆಯ ಕಟ್ಟಡಗಳಲ್ಲಿದೆ. ಮೈಸೂರಿನದು 1979ರಿಂದಲೇ ಇದೆ. ಓಡುವ ಮಾದರಿ ನೋಡಬೇಕೆನ್ನುವವರಿಗೆ ಪುಣೆಯ ಕೋಥರೂಡಿನಲ್ಲಿ 1998ರಲ್ಲಿ ಶುರುವಾದ ಜೋಶಿ ಕಿರು ರೈಲು ಸಂಗ್ರಹಾಲಯವಿದೆ.

ನರಗುಂದ, ಗಜೇಂದ್ರಗಡಗಳು ಈ ಮಾದರಿಯೊಳಗೆ ಬರುವುದು ಗೂಡ್ಸ್ ಶೆಡ್ಡಿನ ಅಂಗಳದಲ್ಲಿ, ಚಕ್ಕಡಿಯ ರೂಪದಲ್ಲಿ. ಆ ಊರುಗಳ ಪಾಲಿಗೆ ರೈಲು ಎಂದರೆ ಮೊದಲು ಒಂದು ಹಗಲಿನ ಚಕ್ಕಡಿ ದಾರಿ. ಯಾವ ವಿದೇಶಿ ಕಂಪನಿಯ ಪಟ್ಟಿಯಲ್ಲೂ ಉತ್ತರ ಕರ್ನಾಟಕದ ಚಕ್ಕಡಿ ಇಲ್ಲ, ಕೈಯಿಂದಲೇ ಕಟ್ಟಬೇಕು: ನಾಲ್ಕೂವರೆ ಅಡಿಯ ಗಾಲಿಗೆ 16 ಮಿ.ಮೀ., ಅಂಡಿಗೆ ಹೇರಲು ಎತ್ತರದ ಗೂಟ, ನೊಗ, ಎರಡೆತ್ತು. ಜೋಳದ ದಂಟಿನ ಸಿಪ್ಪೆ ಬೆಂಡುಗಳಲ್ಲಿ ಬಂಡಿ ಮಾಡಿ ಆಡಿದವರಿಗೆ ಈ ಕೈಚಳಕ ಹೊಸದಲ್ಲ. ಹಿಂದೆ ಪರದೆಗೆ ಬಣ್ಣ ಬಳಿಯುವಾಗ ಮಾತ್ರ ಹಸಿರು ಡಬ್ಬಿ ಮುಟ್ಟಬಾರದು. ಇಲ್ಲಿಯ ನಾಟಿ ಹತ್ತಿ ಶ್ರಾವಣದ ಸುಮಾರಿಗೆ ಬಿತ್ತಿದರೆ ಬಿಡಿಸುವುದು ಫೆಬ್ರವರಿಯ ಆಚೆ. ಆಮೇಲೆ ಬಂದ ಜಯಧರ್ ತಳಿಯ ಕಾಲವೂ ಅದೇ. ಬೇಲು ತುಂಬಿದ ವ್ಯಾಗನ್ನು ಹಳಿಯ ಮೇಲಿದೆ ಎಂದರೆ ಸುತ್ತಲಿನ ಎರಿ ಹೊಲ ಬಿರುಕು ಬಿಟ್ಟಿರುತ್ತದೆ, ಹತ್ತಿಯ ಕಟ್ಟಿಗೆ ಒಣಗಿ ನಿಂತಿರುತ್ತದೆ, ಶೆಡ್ಡಿನ ನೆರಳಲ್ಲಿ ಎತ್ತುಗಳ ಕೊಳ್ಳು ಬಿಚ್ಚಿರುತ್ತಾರೆ.