ನೈನಿತಾಲಿನ ಕೋಡಿ ಎಲ್ಲಿದೆ?

ನನ್ನ ಮೊಬೈಲಿನಲ್ಲಿ ಹನ್ನೊಂದು ಹೆಸರುಗಳ ಒಂದು ಲಿಸ್ಟ್ ಇತ್ತು. ನೈನಿ ಸರೋವರ, ನೈನಾದೇವಿ ದೇವಸ್ಥಾನ, ಮಾಲ್ ರೋಡ್, ರೋಪ್‌ವೇ, ಸ್ನೋ ವ್ಯೂ, ರಾಜಭವನ, ಭೀಮತಾಲ್... ಹೀಗೆ. ಎರಡೂವರೆ ದಿನದಲ್ಲಿ ಎಲ್ಲದಕ್ಕೂ ಟಿಕ್ ಹಾಕುವುದು ನನ್ನ ಪ್ಲಾನ್. ಸ್ಪ್ರಿಂಟ್ ಪ್ಲಾನಿಂಗ್ ಮಾಡಿ ಮಾಡಿ ಅಭ್ಯಾಸ ನೋಡಿ, ರಜೆಯಲ್ಲೂ ಅದೇ ಚಾಳಿ.

ಕಾಠಗೋದಾಮ್‌ನಲ್ಲಿ ರೈಲು ಇಳಿದು, ಟ್ಯಾಕ್ಸಿ ಹಿಡಿದು, ಸುಮಾರು 35 ಕಿಲೋಮೀಟರ್ ತಿರುವು ಹತ್ತಿ ಮೇಲೆ ಬಂದರೆ ಒಂದು ಕಡೆ ಗುಡ್ಡ ತೆರೆದುಕೊಂಡು ಸರೋವರ ಕಾಣುತ್ತದೆ. ಮೂರು ಸುತ್ತಲೂ ಬೆಟ್ಟ, ನಡುವೆ ಹಸಿರು ನೀರು, ಮೇಲೆ ಹಾಯಿದೋಣಿಗಳು. ನಾನು ಫೋನ್ ತೆಗೆದೆ. ಪಕ್ಕದಲ್ಲಿ ಕೂತಿದ್ದ ಅಪ್ಪ ಕನ್ನಡಕ ಸರಿಮಾಡಿಕೊಂಡು ಒಂದು ನಿಮಿಷ ನೋಡಿ ಕೇಳಿದ್ದು ಒಂದೇ ಮಾತು:

"ಇದ್ರ ಕೋಡಿ ಎಲ್ಲೈತೋ?"

"ಇರಪ್ಪ, ಮೊದಲು ರೂಮಿಗೆ ಹೋಗೋಣ" ಅಂದೆ. ನಿಜ ಹೇಳಬೇಕೆಂದರೆ ನನಗೆ ಗೊತ್ತಿರಲಿಲ್ಲ. ಲಿಸ್ಟಿನಲ್ಲಿ ಕೋಡಿ ಇರಲಿಲ್ಲ. ಹುಟ್ಟಿದಾಗಿನಿಂದ ಕೆರೆ ಕೆಳಗಿನ ಗದ್ದೆ ಮಾಡಿದ ಮನುಷ್ಯನಿಗೆ ನೀರು ಕಂಡ ಕೂಡಲೇ ಬರುವ ಪ್ರಶ್ನೆ ಅದು. ಎಲ್ಲಿಂದ ಬರುತ್ತೆ, ಎಲ್ಲಿ ಹೋಗುತ್ತೆ? ಆ ಪ್ರಶ್ನೆಗೆ ಉತ್ತರ ಹುಡುಕಲು ಹೋಗಿಯೇ ನನಗೆ ಈ ಊರಿನ ಚರಿತ್ರೆ ಸಿಕ್ಕಿದ್ದು. ಅಷ್ಟೇ ಅಲ್ಲ, ನನ್ನ ಲಿಸ್ಟಿನಲ್ಲಿದ್ದ ಅರ್ಧಕ್ಕರ್ಧ ಜಾಗಗಳು ಒಂದೇ ಒಂದು ದಿನಕ್ಕೆ ಗಂಟುಬಿದ್ದಿವೆ ಅನ್ನೋದೂ ಗೊತ್ತಾಯಿತು.

ಮೊದಲಿನಿಂದ ಹೇಳುತ್ತೇನೆ. ಸತಿಯ ಕಣ್ಣು ಬಿದ್ದ ಜಾಗ, ಅದಕ್ಕೇ ನೈನಿ ಅನ್ನುವುದು ಸ್ಥಳಪುರಾಣ. ಅತ್ರಿ, ಪುಲಸ್ತ್ಯ, ಪುಲಹ ಎಂಬ ಮೂವರು ಋಷಿಗಳು ಬಾಯಾರಿ ಇಲ್ಲಿ ಗುಂಡಿ ತೋಡಿ ಮಾನಸ ಸರೋವರದ ನೀರು ತುಂಬಿಸಿದರು ಅನ್ನುವುದು ಇನ್ನೊಂದು ಕಥೆ. ಸುತ್ತಲಿನ ಕುಮಾವೂಂ ಹಳ್ಳಿಯವರಿಗೆ ಇದು ದೇವಿಯ ನೀರು. ಜಾತ್ರೆಗೆ ಬರುತ್ತಿದ್ದರು, ದನ ಮೇಯಿಸಲು ಬರುತ್ತಿದ್ದರು. ಊರು ಮಾತ್ರ ಕಟ್ಟಿರಲಿಲ್ಲ.

1841ರಲ್ಲಿ ಬಂದವನು ಪಿ. ಬ್ಯಾರನ್. ಶಹಜಹಾನ್‌ಪುರದ ಸಕ್ಕರೆ ವ್ಯಾಪಾರಿ, 'ಪಿಲ್ಗ್ರಿಮ್' ಅಂತ ಹೆಸರಿಟ್ಟುಕೊಂಡು ಪ್ರವಾಸ ಬರೆಯುತ್ತಿದ್ದವನು. ಅಂದರೆ ನೈನಿತಾಲಿನ ಮೊದಲ ಟ್ರಾವೆಲ್ ಬ್ಲಾಗರ್ ಅನ್ನಬಹುದು! ಸ್ಥಳೀಯರು ಅವನಿಗೆ ದಾರಿ ತೋರಿಸಲು ಒಪ್ಪಲಿಲ್ಲ. ಅಂಥ ಸರೋವರವೇ ಇಲ್ಲ ಅಂದರು. ಆಗ ಒಬ್ಬನ ತಲೆ ಮೇಲೆ ದೊಡ್ಡ ಕಲ್ಲು ಹೊರಿಸಿ, "ನೈನಿತಾಲಿನಲ್ಲಿ ಕಲ್ಲೇ ಇಲ್ಲವಂತೆ, ಇದನ್ನು ಅಲ್ಲಿ ಇಡಬೇಕು" ಅಂದರಂತೆ. ಸ್ವಲ್ಪ ದೂರ ಹೊತ್ತು ಸುಸ್ತಾದ ಆ ಬಡಪಾಯಿ, "ಅಲ್ಲಿ ಬೇಕಾದಷ್ಟು ಕಲ್ಲಿವೆ" ಅಂದುಬಿಟ್ಟ. ಅಲ್ಲಿಗೆ ಗುಟ್ಟು ರಟ್ಟಾಯಿತು. ಮುಂದೆ ಬ್ಯಾರನ್ ಒಂದು ದೋಣಿಯನ್ನೂ ಬೆಟ್ಟದ ಮೇಲೆ ಹೊರಿಸಿ ತಂದ. ಈ ಜಾಗ ತನ್ನದು ಅನ್ನುತ್ತಿದ್ದ ನರಸಿಂಗ್ ಎಂಬ ಥೋಕ್‌ದಾರನನ್ನು ಸರೋವರದ ನಡುವೆ ಕರೆದೊಯ್ದು, ಹಕ್ಕು ಬಿಟ್ಟುಕೊಡದಿದ್ದರೆ ಮುಳುಗಿಸಿಬಿಡುತ್ತೇನೆ ಅಂತ ಹೆದರಿಸಿ ಬರೆಸಿಕೊಂಡ. ಅದನ್ನು ಬ್ಯಾರನ್ನೇ ತಮಾಷೆ ಅನ್ನುವಂತೆ ಬರೆದುಕೊಂಡಿದ್ದಾನೆ. ನಾವು ದೋಣಿಗೆ ದುಡ್ಡು ಕೊಟ್ಟು ನೀರಿನ ನಡುವೆ ಸೆಲ್ಫಿ ತೆಗೆಯುತ್ತೇವಲ್ಲ, ಈ ಊರಿನ ಮೊದಲ ದೋಣಿವಿಹಾರದಲ್ಲಿ ಒಬ್ಬ ಮನುಷ್ಯ ತನ್ನ ನೆಲ ಕಳೆದುಕೊಂಡ.

ಆಮೇಲೆ ಊರು ಬೆಳೆದ ವೇಗ ನೋಡಿ. ಬಂಗಲೆಗಳು ಎದ್ದವು, 1840ರ ದಶಕದಲ್ಲೇ ಪುರಸಭೆ ಬಂತು, ಚರ್ಚ್ ಬಂತು. ಇಡೀ ವಾಯವ್ಯ ಪ್ರಾಂತ್ಯದ ಸರ್ಕಾರ ಬೇಸಿಗೆಯಲ್ಲಿ ಇಲ್ಲಿಗೇ ಬರತೊಡಗಿತು. ಎಲ್ಲರಿಗೂ ಸರೋವರ ಕಾಣುವ ಮನೆಯೇ ಬೇಕು. 'ಲೇಕ್ ವ್ಯೂ' ಹುಚ್ಚು ನಮ್ಮ ಕಾಲದ್ದು ಅಂದುಕೊಂಡಿದ್ದೆ, ಅಲ್ಲ.

ಸರೋವರದ ಎರಡು ದಡದ ಬೆಟ್ಟಗಳು ಒಂದೇ ಥರದವಲ್ಲ. ಒಂದು ಕಡೆ ಅಯಾರ್‌ಪಟ್ಟಾ, ಅದರದು ಸುಣ್ಣಕಲ್ಲಿನ ಜಾತಿಯ ಗಟ್ಟಿ ಬಂಡೆ. ಎದುರಿಗೆ ಶೇರ್ ಕಾ ಡಾಂಡಾ, ಅದರದು ಪದರ ಪದರವಾಗಿ ಒಡೆಯುವ, ನೀರು ಕುಡಿದರೆ ಮೆತ್ತಗಾಗುವ ಕಲ್ಲು. ಮನೆ ಕಟ್ಟುವವರು ಇಳಿಜಾರನ್ನು ಕಡಿದರು, ಮರ ತೆಗೆದರು, ಮಟ್ಟ ಮಾಡಿದರು. 1867ರಲ್ಲಿ ಒಮ್ಮೆ ಗುಡ್ಡ ಜಾರಿತು. ಅದನ್ನು ಒಂದು ವಾರ್ನಿಂಗ್ ಅನ್ನೋಣ. ನಮ್ಮ ಆಫೀಸಿನಲ್ಲಿ ಕೂಡ ವಾರ್ನಿಂಗ್ ಬಂದರೆ ಬಿಲ್ಡ್ ನಿಲ್ಲಿಸುವುದಿಲ್ಲವಲ್ಲ, ಅವರೂ ನಿಲ್ಲಿಸಲಿಲ್ಲ.

1880ರ ಸೆಪ್ಟೆಂಬರ್ 18, ಶನಿವಾರ. ಎರಡು ದಿನದಿಂದ ಒಂದೇ ಸಮನೆ ಮಳೆ. ಬೆಳಿಗ್ಗೆ ಶೇರ್ ಕಾ ಡಾಂಡಾದ ಬುಡದಲ್ಲಿದ್ದ ವಿಕ್ಟೋರಿಯಾ ಹೋಟೆಲಿನ ಹಿಂದೆ ಗುಡ್ಡದ ಒಂದು ಭಾಗ ಕುಸಿಯಿತು. ಕೆಲವರು ಮಣ್ಣಿನಡಿ ಸಿಕ್ಕಿಕೊಂಡರು. ಅಧಿಕಾರಿಗಳು, ಸೈನಿಕರು, ಕೂಲಿಗಳು ಓಡಿ ಬಂದು ಅಗೆಯಲು ಶುರು ಮಾಡಿದರು. ಮಳೆ ನಿಲ್ಲಲಿಲ್ಲ. ಮಧ್ಯಾಹ್ನ ಇಡೀ ಇಳಿಜಾರೇ ಬಿಟ್ಟುಕೊಂಡಿತು. ಹೋಟೆಲ್, ಅದರ ಕೆಳಗಿದ್ದ ಅಂಗಡಿ, ನೈನಾದೇವಿಯ ದೇವಸ್ಥಾನ, ಬಿಳಿಯರು ಕುಣಿಯಲು ಸೇರುತ್ತಿದ್ದ ಅಸೆಂಬ್ಲಿ ರೂಮ್ಸ್ ಎಲ್ಲವನ್ನೂ ಹೊತ್ತುಕೊಂಡು ಮಣ್ಣು ಸರೋವರಕ್ಕೆ ಇಳಿಯಿತು. ಸತ್ತವರು 151 ಜನ. ಅವರಲ್ಲಿ 108 ಭಾರತೀಯರು, 43 ಬಿಳಿಯರು. ಬೆಳಿಗ್ಗೆ ಸಿಕ್ಕಿಕೊಂಡವರನ್ನು ಬಿಡಿಸಲು ಬಂದವರೇ ಸತ್ತವರಲ್ಲಿ ಬಹಳ ಮಂದಿ.

ಇದನ್ನು ಓದಿದ ಮೇಲೆ ನನ್ನ ಲಿಸ್ಟನ್ನು ಮತ್ತೆ ತೆಗೆದು ನೋಡಿದೆ.

ನೈನಾದೇವಿ ದೇವಸ್ಥಾನ. ಹಳೆಯದು ಮಣ್ಣಿನಡಿ ಹೋದ ಮೇಲೆ ಈಗಿನ ಜಾಗದಲ್ಲಿ ಮತ್ತೆ ಕಟ್ಟಿದ್ದು ಇದು. ಅದರ ಪಕ್ಕದ ದೊಡ್ಡ ಬಯಲಿಗೆ 'ಫ್ಲ್ಯಾಟ್ಸ್' ಅನ್ನುತ್ತಾರೆ. (ಬೆಂಗಳೂರಿನವರು ತಕ್ಷಣ ಎರಡು ಬೆಡ್‌ರೂಮೋ ಮೂರೋ ಅಂತ ಕೇಳಬೇಡಿ.) ಮೊದಲೇ ಅಲ್ಲಿ ಸ್ವಲ್ಪ ಸಮತಟ್ಟು ಜಾಗವಿತ್ತು. ಅದು ಇಷ್ಟು ದೊಡ್ಡದಾದದ್ದು 1880ರಲ್ಲಿ ಜಾರಿ ಬಂದ ಮಣ್ಣಿನಿಂದ. ಅಲ್ಲಿ ಹುಡುಗರು ಕ್ರಿಕೆಟ್ ಆಡುತ್ತಾರೆ, ಪಕ್ಕದಲ್ಲಿ ನಾವು ಮೊಮೊ ತಿನ್ನುತ್ತೇವೆ.

ರೋಪ್‌ವೇ ನಮ್ಮನ್ನು ಹತ್ತಿಸುವುದು ಅದೇ ಶೇರ್ ಕಾ ಡಾಂಡಾದ ಮೇಲಿನ ಸ್ನೋ ವ್ಯೂಗೆ, ಸುಮಾರು 2,270 ಮೀಟರ್ ಎತ್ತರಕ್ಕೆ. ಆಕಾಶ ತಿಳಿಯಾಗಿದ್ದರೆ 7,816 ಮೀಟರಿನ ನಂದಾದೇವಿ ಕಾಣುತ್ತದೆ. ಎಲ್ಲರೂ ದೂರದ ಹಿಮ ನೋಡುತ್ತಾರೆ, ಕಾಲ ಕೆಳಗಿನ ಗುಡ್ಡ ನೋಡುವವರು ಕಡಿಮೆ.

ರಾಜಭವನ. ಮುಂಬೈನ ವಿಕ್ಟೋರಿಯಾ ಟರ್ಮಿನಸ್ ವಿನ್ಯಾಸ ಮಾಡಿದ ಎಫ್. ಡಬ್ಲ್ಯೂ. ಸ್ಟೀವನ್ಸ್ ಅವರದೇ ವಿನ್ಯಾಸ, 1900ರ ಹೊತ್ತಿಗೆ ಮುಗಿದದ್ದು. ಅದು ಅಷ್ಟು ದೂರ, ಬೇರೆ ಬೆಟ್ಟದ ಮೇಲೆ ಯಾಕಿದೆ? ಶೇರ್ ಕಾ ಡಾಂಡಾ ಮೇಲಿದ್ದ ಹಿಂದಿನ ಗವರ್ನರ್ ಬಂಗಲೆಯ ಗೋಡೆಗಳು ಬಿರುಕು ಬಿಟ್ಟಿದ್ದವು. ಲಾಟ್ ಸಾಹೇಬರೂ ಗುಡ್ಡಕ್ಕೆ ಹೆದರಿ ಮನೆ ಬದಲಿಸಬೇಕಾಯಿತು.

ಗರ್ನಿ ಹೌಸ್. ಇದು ಜಿಮ್ ಕಾರ್ಬೆಟ್ ಮನೆ. ತೇಜಸ್ವಿಯವರು ಕನ್ನಡಕ್ಕೆ ತಂದ 'ರುದ್ರಪ್ರಯಾಗದ ಭಯಾನಕ ನರಭಕ್ಷಕ' ಓದಿ ಬೆಳೆದ ನನ್ನಂಥವರಿಗೆ ಈ ಮನೆ ತೀರ್ಥಕ್ಷೇತ್ರವೇ. ಕಾರ್ಬೆಟ್ ಹುಟ್ಟಿದ್ದು 1875ರಲ್ಲಿ, ಇದೇ ಊರಲ್ಲಿ. ಅಪ್ಪ ಇಲ್ಲಿನ ಪೋಸ್ಟ್‌ಮಾಸ್ಟರ್. ಗುಡ್ಡ ಕುಸಿದಾಗ ಹುಡುಗನಿಗೆ ಐದು ವರ್ಷ. ಮರುವರ್ಷ ಅಪ್ಪ ತೀರಿಕೊಂಡರು. ಅಷ್ಟು ಮಕ್ಕಳನ್ನು ಕಟ್ಟಿಕೊಂಡ ತಾಯಿ ಮೇರಿ ಹೊಸ ಮನೆ ಕಟ್ಟಿಸಿದ್ದು ಎದುರು ದಡದ ಅಯಾರ್‌ಪಟ್ಟಾ ಮೇಲೆ, ಗಟ್ಟಿ ಬಂಡೆಯ ಕಡೆ.

ಇಷ್ಟೆಲ್ಲ ಆದರೂ ಲಿಸ್ಟಿನಲ್ಲಿ ಇಲ್ಲದ ಒಂದು ವಿಷಯ ಬಾಕಿ ಇದೆ. ನನ್ನ ಮಟ್ಟಿಗೆ ನೈನಿತಾಲಿನ ನಿಜವಾದ ಸ್ಮಾರಕ ಅದೇ: ಮೋರಿಗಳು.

ನಗಬೇಡಿ. ಅನಾಹುತದ ನಂತರ ಬ್ರಿಟಿಷ್ ಎಂಜಿನಿಯರುಗಳಿಗೆ ಅರ್ಥವಾದದ್ದು ಇಷ್ಟು. ಗುಡ್ಡ ಜಾರುವುದು ನೀರಿನಿಂದ. ಮಳೆ ನೀರು ಇಳಿಜಾರಿನ ಮೇಲೆ ನಿಂತರೆ ಇಂಗುತ್ತದೆ, ಇಂಗಿದರೆ ಗುಡ್ಡ ಭಾರವಾಗುತ್ತದೆ, ಕಲ್ಲಿನ ಪದರಗಳ ನಡುವೆ ಹಿಡಿತ ತಪ್ಪುತ್ತದೆ. ಹಾಗಾಗಿ ಬಿದ್ದ ನೀರನ್ನು ನಿಲ್ಲಲು ಬಿಡದೆ ಸರೋವರಕ್ಕೆ ಇಳಿಸಬೇಕು. ಅದಕ್ಕೆ ಬೆಟ್ಟದ ತುದಿಯಿಂದ ನೀರಿನ ಅಂಚಿನವರೆಗೆ ಕಲ್ಲಿನ ನಾಲೆಗಳ ಒಂದು ಜಾಲವನ್ನೇ ಕಟ್ಟಿದರು. ನೀರಿನ ರಭಸ ಮುರಿಯಲು ಮೆಟ್ಟಿಲು ಮೆಟ್ಟಿಲಾಗಿ ಇಳಿಸಿದರು. ದೊಡ್ಡ ನಾಲೆಗೆ ಸಣ್ಣವು ಸೇರುವಂತೆ ಕಟ್ಟಿದರು. ಜೊತೆಗೆ, ಅಪಾಯದ ಇಳಿಜಾರಿನಲ್ಲಿ ಮನೆ ಕಟ್ಟಲು ಕಡಿವಾಣ ಹಾಕಿದರು. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಪ್ರೊಡಕ್ಷನ್ ಕುಸಿದ ಮೇಲೆ ಯಾರೋ ಕೂತು ಮೂಲ ಕಾರಣ ಹುಡುಕಿ, ಫಿಕ್ಸ್ ಮಾಡಿ ಹೋದರು. ಫಿಕ್ಸ್ ಚೆನ್ನಾಗಿ ಕೆಲಸ ಮಾಡಿದ್ದರಿಂದಲೇ ಜನ ಅದನ್ನು ಮರೆತರು.

ಮರೆತರೆ ಏನಾಗುತ್ತೆ ಅನ್ನುವುದಕ್ಕೆ ದೂರ ಹೋಗಬೇಕಿಲ್ಲ. ನಾವು ನಡೆದ ದಾರಿಯಲ್ಲೇ ಕೆಲವು ನಾಲೆಗಳ ಮೇಲೆ ಕಟ್ಟಡ ಚಾಚಿಕೊಂಡಿತ್ತು, ಕೆಲವದರಲ್ಲಿ ಇಟ್ಟಿಗೆ ಚೂರು, ಚಿಪ್ಸ್ ಪೊಟ್ಟಣ. ನಾಲೆಗಳೆಲ್ಲ ಸರೋವರಕ್ಕೇ ಹೋಗುವುದರಿಂದ ಅದರಲ್ಲಿ ಹಾಕಿದ್ದೆಲ್ಲ ಸರೋವರಕ್ಕೆ. ಊರಿನವರು ಕುಡಿಯುವುದೂ ಅದೇ ನೀರನ್ನು. ಕೊಳಕು ಹೆಚ್ಚಿ ತಳದ ನೀರಿನಲ್ಲಿ ಆಮ್ಲಜನಕ ಇಲ್ಲವಾಗಿ, 2007ರಿಂದ ಪೈಪು ಹಾಕಿ ಸರೋವರಕ್ಕೆ ಗಾಳಿ ಊದುತ್ತಿದ್ದಾರೆ. ಐಸಿಯುನಲ್ಲಿ ಇಟ್ಟ ಹಾಗೆ. 2018ರ ಆಗಸ್ಟಿನಲ್ಲಿ ಕೆಳಗಿನ ಮಾಲ್ ರೋಡಿನ ಒಂದು ತುಂಡು ಸರೋವರಕ್ಕೆ ಕುಸಿಯಿತು. ಒಂದು ಕಾಲದಲ್ಲಿ ಮೇಲಿನ ಮಾಲ್ ರೋಡ್ ಬಿಳಿಯರಿಗೆ, ಕೆಳಗಿನದು ನಮ್ಮವರಿಗೆ ಅಂತಿತ್ತು.

ಇನ್ನೊಂದು ಜಾಗ ಸುಖಾತಾಲ್. ಅಂದರೆ ಒಣ ಸರೋವರ. ಇದು ಸರೋವರಕ್ಕಿಂತ ಮೇಲಿರುವ ತಗ್ಗು. ಮಳೆಗಾಲದಲ್ಲಿ ಮಾತ್ರ ತುಂಬುತ್ತದೆ, ಆ ನೀರು ನೆಲದೊಳಗೇ ಇಳಿದು ಕೆಳಗಿನ ನೈನಿ ಸರೋವರಕ್ಕೆ ಬರುತ್ತದೆ. ನೀರಿಲ್ಲದಾಗ ನೋಡಿದವರಿಗೆ ಅದು ಖಾಲಿ ಸೈಟ್. ಮನೆಗಳು ಎದ್ದಿವೆ. ನಾನು ಅಪ್ಪನಿಗೆ ಇದನ್ನು ಹೇಳಿದಾಗ ಅವರಿಗೇನೂ ಆಶ್ಚರ್ಯ ಆಗಲಿಲ್ಲ. "ಒಣಗಿರೋ ಕೆರೆ ಅಂದ್ರೆ ಎಲ್ರಿಗೂ ಆಸೆ ಕಣೋ" ಅಂದರು.

ಮಾರನೇ ದಿನ ಭೀಮತಾಲ್, ನೌಕುಚಿಯಾತಾಲ್ ಸುತ್ತಿದೆವು. ಸ್ಟೀವ್ ಜಾಬ್ಸ್ 1974ರಲ್ಲಿ ಹುಡುಕಿಕೊಂಡು ಬಂದ ಕೈಂಚಿ ಆಶ್ರಮಕ್ಕೂ ಹೋದೆವು. ಅವನು ಬರುವಷ್ಟರಲ್ಲಿ ನೀಮ್ ಕರೋಲಿ ಬಾಬಾ ತೀರಿಕೊಂಡಿದ್ದರು. ನನ್ನ ಕಲೀಗ್‌ಗಳಿಗೆ ಫೋಟೋ ಕಳಿಸಿದ್ದು ಅಲ್ಲಿಂದಲೇ. ಅಪ್ಪನಿಗೆ ಇಷ್ಟವಾದದ್ದು ಮಾತ್ರ ಭೀಮತಾಲಿನ ಹಳೇ ಕಲ್ಲಿನ ಕಟ್ಟೆ. ನೀರು ಕೆಳಗಿನ ಬಯಲಿನ ಹೊಲಗಳಿಗೆ ಹೋಗುತ್ತದೆ ಅಂದಾಗ, "ಹಂಗಾದ್ರೆ ಇದು ಕೆರೆ" ಅಂತ ಸರ್ಟಿಫಿಕೇಟ್ ಕೊಟ್ಟರು.

ಕೋಡಿ ಸಿಕ್ಕಿದ್ದು ಕೊನೆಯ ದಿನ. ಸರೋವರದ ಮೇಲಿನ ತುದಿ ಮಲ್ಲಿತಾಲ್, ಕೆಳಗಿನ ತುದಿ ತಲ್ಲಿತಾಲ್. ವಾಪಸ್ ಹೊರಡಲು ತಲ್ಲಿತಾಲಿನ ಬಸ್ ಸ್ಟ್ಯಾಂಡಿಗೆ ಬಂದಿದ್ದೆವು. ಅಪ್ಪ ಕಾಣಲಿಲ್ಲ. ಹುಡುಕಿದರೆ, ಅಷ್ಟು ಹಾರ್ನ್, ಅಷ್ಟು ಜನದ ನಡುವೆ ಕಟ್ಟೆಗೆ ಒರಗಿ ಕೆಳಗೆ ಬಗ್ಗಿ ನೋಡುತ್ತಿದ್ದರು. ನಾವು ಬಂದ ದಿನ ಟ್ಯಾಕ್ಸಿ ದಾಟಿದ್ದೂ ಅದರ ಮೇಲೆಯೇ! ರಸ್ತೆಯ ಕೆಳಗೆ ತೂಬಿನ ಬಾಗಿಲುಗಳು. ಮಳೆಗಾಲದಲ್ಲಿ ನೀರು ಹೆಚ್ಚಾದರೆ ತೆಗೆಯುತ್ತಾರೆ, ನೀರು ಬಲಿಯಾ ನಾಲೆಗೆ ಬಿದ್ದು ಕೆಳಗೆ ಗೌಲಾ ನದಿ ಸೇರುತ್ತದೆ. ಆ ನಾಲೆಯ ದಂಡೆಯೂ ಗಟ್ಟಿಯಿಲ್ಲ. 1898ರಲ್ಲಿ ಆ ಕಡೆಯೂ ಗುಡ್ಡ ಜಾರಿ ಜನ ಸತ್ತಿದ್ದಾರೆ, ಇವತ್ತಿಗೂ ಜಾರುತ್ತಿದೆ.

"ಕೋಡಿ ಚೆನ್ನಾಗೈತೆ" ಅಂದರು ಅಪ್ಪ. ಆಮೇಲೆ ತಲೆಯೆತ್ತಿ, ಬೆಟ್ಟದ ತುಂಬ ಒಂದರ ಮೇಲೊಂದು ಹತ್ತಿ ಕೂತಿರುವ ಹೋಟೆಲುಗಳನ್ನು ನೋಡಿ, "ಮೋರಿ ನೋಡ್ಕಬೇಕು" ಅಂದರು.

ನೀವು ನೈನಿತಾಲಿಗೆ ಹೋದರೆ ಬೋಟಿಂಗ್ ಮಾಡಿ, ಸ್ನೋ ವ್ಯೂ ಹತ್ತಿ, ಮೊಮೊ ತಿನ್ನಿ. ಆದರೆ ಒಂದು ಗಂಟೆ ಉಳಿಸಿಕೊಂಡು, ಮಲ್ಲಿತಾಲಿನ ಹತ್ತಿರ ಯಾವುದಾದರೂ ಒಂದು ಹಳೇ ಕಲ್ಲಿನ ನಾಲೆ ಹಿಡಿದು ಮೇಲಿನಿಂದ ಸರೋವರದವರೆಗೆ ಇಳಿಯಿರಿ. ಟಿಕೆಟ್ ಇಲ್ಲ, ಕ್ಯೂ ಇಲ್ಲ. ಕೈಯಲ್ಲಿರುವ ಚಿಪ್ಸ್ ಪೊಟ್ಟಣ ಮಾತ್ರ ಜೇಬಿನಲ್ಲೇ ಇರಲಿ.