ಹೆಸರಿಸಲು ಹಿಂಜರಿದ ರೋಗ: ಲಂಡನ್ ಪೊಲೀಸ್ ಮತ್ತು ವರ್ಣಭೇದ

1993ರ ಏಪ್ರಿಲ್ 22ರ ರಾತ್ರಿ ಆಗ್ನೇಯ ಲಂಡನ್ನಿನ ಎಲ್ಥಮ್ ಎಂಬಲ್ಲಿ ಬಸ್ಸಿಗಾಗಿ ಕಾಯುತ್ತಿದ್ದ ಹದಿನೆಂಟರ ಹರೆಯದ ವಿದ್ಯಾರ್ಥಿ ಸ್ಟೀಫನ್ ಲಾರೆನ್ಸ್‌ನನ್ನು ಬಿಳಿಯ ಯುವಕರ ಗುಂಪೊಂದು ಇರಿದು ಕೊಂದಿತು. ಆತನ ತಂದೆತಾಯಿ ಜಮೈಕಾದಿಂದ ಬಂದು ಬ್ರಿಟನ್ನಿನಲ್ಲಿ ನೆಲೆಸಿದವರು. ಆತ ಕರಿಯನಾಗಿದ್ದನೆಂಬುದರ ಹೊರತು ಆ ಕೊಲೆಗೆ ಬೇರೆ ಕಾರಣವಿರಲಿಲ್ಲ. ಸ್ಥಳಕ್ಕೆ ಬಂದ ಪೊಲೀಸರು ಆತನಿಗೆ ಪ್ರಥಮ ಚಿಕಿತ್ಸೆಯನ್ನೂ ನೀಡಲಿಲ್ಲ. ಜೊತೆಗಿದ್ದು ತಾನೂ ದಾಳಿಗೆ ಗುರಿಯಾಗಿದ್ದ ಗೆಳೆಯನನ್ನು ಸಂತ್ರಸ್ತನೆಂದು ಪರಿಗಣಿಸಲಿಲ್ಲ. ಶಂಕಿತರ ಹೆಸರುಗಳು ಕೆಲವೇ ದಿನಗಳಲ್ಲಿ ತಲುಪಿದ್ದರೂ ಮೊದಲ ಬಂಧನಕ್ಕೆ ಎರಡು ವಾರಗಳು ಹಿಡಿದವು.

ಇದು ಕೆಲವು ಪೊಲೀಸರ ಅಸಡ್ಡೆಯೋ ಅಥವಾ ಸಂಸ್ಥೆಯ ಸ್ವಭಾವವೋ ಎಂಬ ಪ್ರಶ್ನೆ ಆಗ ಹೊಸದಾಗಿರಲಿಲ್ಲ. 1981ರ ಏಪ್ರಿಲ್‌ನಲ್ಲಿ ದಕ್ಷಿಣ ಲಂಡನ್ನಿನ ಬ್ರಿಕ್ಸ್‌ಟನ್‌ನಲ್ಲಿ ಪೊಲೀಸರು ಒಂದು ಕಾರ್ಯಾಚರಣೆ ನಡೆಸಿ, ಕೆಲವೇ ದಿನಗಳಲ್ಲಿ 900ಕ್ಕೂ ಹೆಚ್ಚು ಮಂದಿಯನ್ನು ಬೀದಿಯಲ್ಲಿ ತಡೆದು ತಪಾಸಣೆ ಮಾಡಿದ್ದರು. ಬಹುಕಾಲದಿಂದ ಮಡುಗಟ್ಟಿದ್ದ ಆಕ್ರೋಶ ಗಲಭೆಯಾಗಿ ಸ್ಫೋಟಿಸಿತು. ವಿಚಾರಣೆ ನಡೆಸಿದ ಲಾರ್ಡ್ ಸ್ಕಾರ್‌ಮನ್ ಅನೇಕ ಸುಧಾರಣೆಗಳನ್ನು ಸೂಚಿಸಿದರು. ಅಲ್ಪಸಂಖ್ಯಾತ ಜನಾಂಗಗಳಿಂದ ಹೆಚ್ಚು ಮಂದಿಯನ್ನು ಪೊಲೀಸ್ ಸೇವೆಗೆ ಸೇರಿಸಿಕೊಳ್ಳಬೇಕೆಂದೂ ಹೇಳಿದರು. ಆದರೆ ಪೊಲೀಸ್ ಇಲಾಖೆಯ ನೀತಿಯೇ ವರ್ಣಭೇದದಿಂದ ಕೂಡಿದೆ ಎಂಬ ಆರೋಪವನ್ನು ಅವರು ತಳ್ಳಿಹಾಕಿದರು. ಅವರ ದೃಷ್ಟಿಯಲ್ಲಿ ದೋಷವಿದ್ದುದು ಬೀದಿಯಲ್ಲಿನ ಕೆಲವು ಅಧಿಕಾರಿಗಳ ವರ್ತನೆಯಲ್ಲಿ ಮಾತ್ರ.

ಸ್ಟೀಫನ್‌ನ ತಾಯಿ ಡೊರೀನ್ ಮತ್ತು ತಂದೆ ನೆವಿಲ್ ಲಾರೆನ್ಸ್ ಈ ಉತ್ತರಕ್ಕೆ ತೃಪ್ತರಾಗಲಿಲ್ಲ. ಸರಕಾರಿ ಅಭಿಯೋಜಕರು ಪ್ರಕರಣವನ್ನು ಕೈಬಿಟ್ಟಾಗ ಅವರು ಖಾಸಗಿಯಾಗಿ ಮೊಕದ್ದಮೆ ಹೂಡಿದರು; 1996ರಲ್ಲಿ ಅದೂ ಬಿದ್ದುಹೋಯಿತು. 1997ರಲ್ಲಿ ಗೃಹ ಸಚಿವ ಜಾಕ್ ಸ್ಟ್ರಾ ಸಾರ್ವಜನಿಕ ವಿಚಾರಣೆಗೆ ಆದೇಶಿಸಿದರು. 1999ರ ಫೆಬ್ರವರಿಯಲ್ಲಿ ಹೊರಬಂದ ಸರ್ ವಿಲಿಯಂ ಮ್ಯಾಕ್‌ಫರ್ಸನ್ ವರದಿ, ತನಿಖೆಯು ವೃತ್ತಿಪರ ಅಸಾಮರ್ಥ್ಯ, ಹಿರಿಯ ಅಧಿಕಾರಿಗಳ ನಾಯಕತ್ವದ ವೈಫಲ್ಯ ಮತ್ತು ಸಾಂಸ್ಥಿಕ ವರ್ಣಭೇದದಿಂದ ಕೆಟ್ಟುಹೋಯಿತೆಂದು ತೀರ್ಪಿತ್ತಿತು. ಈ ಕೊನೆಯ ಪದದ ಅರ್ಥವನ್ನೂ ಅದು ಬಿಡಿಸಿ ಹೇಳಿತು. ದ್ವೇಷದ ಉದ್ದೇಶವಿಲ್ಲದೆಯೂ, ಅರಿವಿಲ್ಲದ ಪೂರ್ವಗ್ರಹ, ಅಜ್ಞಾನ ಮತ್ತು ಅವಿವೇಕಗಳು ಒಂದು ಸಂಸ್ಥೆಯ ರೂಢಿಯಲ್ಲಿ ಬೆರೆತು, ಬಣ್ಣದ ಕಾರಣಕ್ಕೆ ಒಂದು ಜನವರ್ಗಕ್ಕೆ ಸಲ್ಲಬೇಕಾದ ಸೇವೆ ಸಲ್ಲದಂತಾಗುವುದೇ ಸಾಂಸ್ಥಿಕ ವರ್ಣಭೇದ.

ವರದಿಯ 70 ಶಿಫಾರಸುಗಳು ವ್ಯರ್ಥವಾಗಲಿಲ್ಲ. 2000ದ ಕಾಯಿದೆಯೊಂದು ಜನಾಂಗೀಯ ತಾರತಮ್ಯ ನಿಷೇಧವನ್ನು ಪೊಲೀಸರ ಕಾರ್ಯಗಳಿಗೂ ವಿಸ್ತರಿಸಿತು. 2004ರಲ್ಲಿ ಪೊಲೀಸರ ವಿರುದ್ಧದ ದೂರುಗಳಿಗಾಗಿ ಸ್ವತಂತ್ರ ಆಯೋಗ ಕೆಲಸ ಆರಂಭಿಸಿತು. ಗಂಭೀರ ಅಪರಾಧಗಳಲ್ಲಿ ಬಲವಾದ ಹೊಸ ಸಾಕ್ಷ್ಯ ದೊರೆತರೆ ಖುಲಾಸೆಯಾದವರನ್ನೂ ಮತ್ತೆ ವಿಚಾರಣೆಗೊಳಪಡಿಸಲು ಕಾನೂನು ಅವಕಾಶ ನೀಡಿತು. 2012ರ ಜನವರಿಯಲ್ಲಿ, ಕೊಲೆಯಾಗಿ ಸುಮಾರು 19 ವರ್ಷಗಳ ನಂತರ, ಇಬ್ಬರಿಗೆ ಶಿಕ್ಷೆಯಾಯಿತು.

ಆದರೆ ಬೀದಿಯಲ್ಲಿ ತಡೆದು ನಿಲ್ಲಿಸುವ ಅಧಿಕಾರದ ಕಥೆ ಬೇರೆಯೇ ಆಗಿದೆ. ತಪಾಸಣೆಗೆ ಸಕಾರಣ ಸಂಶಯವಿರಬೇಕೆಂದು 1984ರ ಕಾಯಿದೆ ವಿಧಿಸಿತ್ತು. ಹತ್ತೇ ವರ್ಷಗಳಲ್ಲಿ, ನಿಗದಿತ ಪ್ರದೇಶದಲ್ಲಿ ಸಂಶಯವಿಲ್ಲದೆಯೂ ತಪಾಸಣೆ ಮಾಡಲು 1994ರ ಕಾಯಿದೆ ದಾರಿ ಮಾಡಿತು. 2000ದ ಭಯೋತ್ಪಾದನಾ ಕಾಯಿದೆಯ 44ನೇ ಸೆಕ್ಷನ್ ಅಂತಹದೇ ಇನ್ನೊಂದು ಅಧಿಕಾರವನ್ನು ಕೊಟ್ಟಿತು. ಅದರ ಹೊರೆ ಕರಿಯರ ಮೇಲೂ ಏಷ್ಯಾ ಮೂಲದವರ ಮೇಲೂ ಹೆಚ್ಚಾಗಿ ಬಿತ್ತು. 2010ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಆ ಅಧಿಕಾರವು ಖಾಸಗಿ ಬದುಕಿನ ಹಕ್ಕನ್ನು ಉಲ್ಲಂಘಿಸುತ್ತದೆಂದು ಹೇಳಿತು. ಹೀಗೆ ಒಂದು ಕಾನೂನು ಕಟ್ಟಿದ ಕೈಯನ್ನು ಇನ್ನೊಂದು ಕಾನೂನು ಬಿಚ್ಚುತ್ತಾ ಬಂದಿತು.

2021ರಲ್ಲಿ ಸೇವೆಯಲ್ಲಿದ್ದ ಪೊಲೀಸನೊಬ್ಬ ಸಾರಾ ಎವರಾರ್ಡ್ ಎಂಬ ಮಹಿಳೆಯನ್ನು ಅಪಹರಿಸಿ ಕೊಂದ ನಂತರ ಇಲಾಖೆಯ ಪರಿಶೀಲನೆಗೆ ಬ್ಯಾರನೆಸ್ ಲೂಯಿಸ್ ಕೇಸಿ ನೇಮಕಗೊಂಡರು. ಅವರ 2023ರ ಮಾರ್ಚ್ ವರದಿಯ ಪ್ರಕಾರ ಲಂಡನ್ ಪೊಲೀಸ್ ಇಲಾಖೆ ಇನ್ನೂ ಸಾಂಸ್ಥಿಕವಾಗಿ ವರ್ಣಭೇದಿಯಾಗಿತ್ತು, ಸ್ತ್ರೀದ್ವೇಷಿಯೂ ಆಗಿತ್ತು. ಸ್ಕಾರ್‌ಮನ್ ಶಿಫಾರಸಿನ ನಾಲ್ಕು ದಶಕಗಳ ನಂತರವೂ ಅಧಿಕಾರಿಗಳಲ್ಲಿ ಸುಮಾರು ಶೇ. 82 ಮಂದಿ ಬಿಳಿಯರು. ಅವರು ಕಾಯುವ ನಗರದಲ್ಲಾದರೋ ಬಿಳಿಯರ ಪ್ರಮಾಣ ಶೇ. 54ರಷ್ಟು. ಆಯುಕ್ತ ಸರ್ ಮಾರ್ಕ್ ರೌಲಿ ವರದಿಯ ನಿಷ್ಕರ್ಷೆಗಳನ್ನು ಒಪ್ಪಿದರು, ಆದರೆ 'ಸಾಂಸ್ಥಿಕ' ಎಂಬ ಪದವನ್ನು ಬಳಸಲು ಒಪ್ಪಲಿಲ್ಲ. 1981ರಲ್ಲಿ ನಿರಾಕರಣೆಗೊಳಗಾಗಿ, 1999ರಲ್ಲಿ ಅಂಗೀಕಾರ ಪಡೆದ ಪದವು 2023ರಲ್ಲಿ ಮತ್ತೆ ಬಾಗಿಲ ಹೊರಗೆ ನಿಂತಿತು.

ಇದು ಕೇವಲ ಪದದ ಜಗಳವೆಂದು ಭಾವಿಸಬಾರದು. ರೋಗವಿರುವುದು ಕೆಲವು ವ್ಯಕ್ತಿಗಳಲ್ಲಿ ಎಂದಾದರೆ ಅವರನ್ನು ವಜಾಗೊಳಿಸಿ, ಉಳಿದವರಿಗೆ ತರಬೇತಿ ಕೊಟ್ಟರೆ ಸಾಕು. ರೋಗ ಸಂಸ್ಥೆಯದೆಂದಾದರೆ ಅಧಿಕಾರವನ್ನೇ ಮಿತಗೊಳಿಸಬೇಕಾಗುತ್ತದೆ, ಲೆಕ್ಕ ಕೇಳುವ ಹಕ್ಕನ್ನು ಹೊರಗಿನವರಿಗೆ ಬಿಟ್ಟುಕೊಡಬೇಕಾಗುತ್ತದೆ. ಸ್ವತಂತ್ರ ಆಯೋಗ ಬಂದ ಮೇಲೂ ಬಹುಪಾಲು ದೂರುಗಳನ್ನು ಪೊಲೀಸ್ ಪಡೆಗಳೇ ಪರಿಶೀಲಿಸುತ್ತಿವೆ. ಸುಧಾರಣೆ ಪದೇ ಪದೇ ಮುಗ್ಗರಿಸುವುದು ಈ ಹೊಸ್ತಿಲಲ್ಲೇ.

ಈ ನಾಲ್ಕು ದಶಕಗಳ ಚರಿತ್ರೆಯಲ್ಲಿ ಇಲಾಖೆ ತಾನಾಗಿಯೇ ಎದ್ದು ತನ್ನನ್ನು ತಿದ್ದಿಕೊಂಡ ಉದಾಹರಣೆ ವಿರಳ. 1999ರ ವರದಿಯ ಹಿಂದೆ ಇದ್ದುದು ಮಗನನ್ನು ಕಳೆದುಕೊಂಡ ದಂಪತಿಯ ಆರು ವರ್ಷಗಳ ಹಟ. ವರದಿ ಬರೆಯುವುದು ಸುಲಭ. ಅದು ಕಪಾಟು ಸೇರದಂತೆ ನೋಡಿಕೊಳ್ಳುವ ಕಾವಲು ಸಮಾಜದ್ದು. ಆ ಕಾವಲು ಸಡಿಲವಾದಾಗಲೆಲ್ಲ ನ್ಯಾಯಕ್ಕಾಗಿ ಮತ್ತೆ ಮೊದಲಿನಿಂದ ಹೋರಾಡಬೇಕಾಗಿ ಬರುವುದು ಅನ್ಯಾಯ ಉಂಡವರೇ.