ಟಿಕೆಟ್ಟಿನ ಬೆನ್ನ ಮೇಲೆ ಏಳು ರೂಪಾಯಿ

ನಮ್ಮ ಕಡೆ ಬಸ್ ಟಿಕೆಟ್ಟಿಗೆ ಗೊತ್ತಿರುವುದು ಒಂದೇ ಪ್ರಶ್ನೆ: ಎಲ್ಲಿಗೆ? ಹೊಸನಗರವೋ, ಬಟ್ಟೆಮಲ್ಲಪ್ಪವೋ, ರಿಪ್ಪನ್‌ಪೇಟೆಯೋ, ತೀರ್ಥಹಳ್ಳಿಯೋ ಹೇಳಿ ದುಡ್ಡು ಕೊಟ್ಟರೆ ಮುಗಿಯಿತು. ನೀವು ಯಾರು ಅನ್ನುವುದು ಟಿಕೆಟ್ಟಿಗೆ ಬೇಡ. (ಕಂಡಕ್ಟರಿಗೆ ಬೇಕು, ಅದು ಬೇರೆ ಮಾತು. "ಯಾರ ಮನೆಗೆ ಹೊರಟಿದ್ದು?" ಅಂತ ಕೇಳದಿದ್ದರೆ ಅದು ಮಲೆನಾಡಿನ ಬಸ್ಸೇ ಅಲ್ಲ :-) )

ಈ ವ್ಯತ್ಯಾಸದ ಬಗ್ಗೆ ನಾನು ತಲೆ ಕೆಡಿಸಿಕೊಳ್ಳತೊಡಗಿದ್ದು ಚೀನಾದಿಂದ ಬಂದ ಮೇಲೆ. 2025ರಲ್ಲಿ ಆಫೀಸ್ ಕೆಲಸದ ಮೇಲೆ ಎರಡು ವಾರ ಶಾಂಘೈಗೆ ಹೋಗಿದ್ದೆ. ಅಲ್ಲಿ ಮೆಟ್ರೋ ಗೇಟಿಗೆ ಜನ ಫೋನ್ ತಾಗಿಸುತ್ತಾರೆ, ಗೇಟು ತೆರೆಯುತ್ತದೆ, ನಡಿಗೆಯ ವೇಗ ಕೂಡ ಕಮ್ಮಿಯಾಗುವುದಿಲ್ಲ. ಇದರ ಹಿಂದೆ ಸಣ್ಣದೊಂದು ಇತಿಹಾಸ ಇದೆ. 1997ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಆಕ್ಟೋಪಸ್ ಕಾರ್ಡ್ ಬಂತು. 1999ರ ಕೊನೆಗೆ ಶಾಂಘೈ ತನ್ನದೇ ಕಾರ್ಡ್ ತಂದಿತು. ಬೀಜಿಂಗ್‌ನಲ್ಲಿ 2006ರ ಹೊತ್ತಿಗೆ ಕಾಗದದ ತಿಂಗಳ ಪಾಸು ಹೋಗಿ ಕಾರ್ಡ್ ಬಂತು. ಈ ಕಾರ್ಡುಗಳ ಒಳಗೆ ಬ್ಯಾಟರಿ ಇರುವುದಿಲ್ಲ. ಗೇಟಿನ ರೀಡರ್ ಹೊರಸೂಸುವ ಕಾಂತಕ್ಷೇತ್ರದಿಂದಲೇ ಚಿಪ್ಪಿಗೆ ಕರೆಂಟು. ಉಳಿದ ದುಡ್ಡೆಷ್ಟು ಅನ್ನುವ ಲೆಕ್ಕ ಆ ಚಿಪ್ಪಿನಲ್ಲೇ ಬರೆದಿರುತ್ತದೆ, ಪ್ರತಿ ಸಲ ಬ್ಯಾಂಕನ್ನು ಕೇಳಬೇಕಿಲ್ಲ. ಅದಕ್ಕೇ ಅಷ್ಟು ವೇಗ.

ಗಮನಿಸಿ, ಪ್ಲಾಸ್ಟಿಕ್ ಕಾರ್ಡಿನವರೆಗೂ ಪ್ರಶ್ನೆ ಬದಲಾಗಿರಲಿಲ್ಲ. 20 ಯುವಾನ್ ಡಿಪಾಸಿಟ್ ಇಟ್ಟು, ಮೇಲೊಂದಿಷ್ಟು ನಗದು ತುಂಬಿಸಿದರೆ ಯಾವ ದೇಶದವನಿಗಾದರೂ ಕಾರ್ಡ್ ಸಿಗುತ್ತಿತ್ತು. ಬದಲಾಗಿದ್ದು ಕಾರ್ಡು ಫೋನಿನೊಳಗೆ ಹೋದಾಗ. 2018ರಲ್ಲಿ ಬೀಜಿಂಗ್ ಮತ್ತು ಶಾಂಘೈ ಕಾರ್ಡುಗಳು ಐಫೋನಿನೊಳಗೂ ಬಂದವು. ಆದರೆ ಆಗ ಅದಕ್ಕೆ ದುಡ್ಡು ತುಂಬಿಸಲು ಚೀನಾದ ಬ್ಯಾಂಕ್ ಕಾರ್ಡ್ ಬೇಕಿತ್ತು. ಅದು ಬೇಕಾದರೆ ಅಲ್ಲಿ ಖಾತೆ ಬೇಕು. ಖಾತೆ ಬೇಕಾದರೆ... ನೀವು ಯಾರು? ನಾಲ್ಕು ದಿನಕ್ಕೆ ಬಂದ ಪರದೇಶಿಯ ಹತ್ತಿರ ಇದಕ್ಕೆ ಉತ್ತರ ಇರಲಿಲ್ಲ. ಇಲ್ಲಿಂದ ತೆಗೆದುಕೊಂಡು ಹೋದ ಅಗ್ಗದ ಚೀನೀ ಬ್ರ್ಯಾಂಡಿನ ಫೋನಿನಲ್ಲಂತೂ ಬಹಳ ಸಲ ಎನ್ಎಫ್‌ಸಿ ಚಿಪ್ಪೇ ಇರುತ್ತಿರಲಿಲ್ಲ! ಹೊರದೇಶದ ವೀಸಾ, ಮಾಸ್ಟರ್‌ಕಾರ್ಡ್‌ಗಳಿಗೆ ಅಲಿಪೇ ಮತ್ತು ವೀಚಾಟ್ ಸರಿಯಾಗಿ ಬಾಗಿಲು ತೆರೆದದ್ದು 2023ರಲ್ಲಿ. ನಾನು ಹೋಗುವ ಹೊತ್ತಿಗೆ ಪಾಸ್‌ಪೋರ್ಟ್ ತೋರಿಸಿ ಅಲಿಪೇ ಹಾಕಿಕೊಂಡು ಕ್ಯೂಆರ್ ಹಿಡಿದು ಓಡಾಡಬಹುದಿತ್ತು. ಆದರೂ ಒಂದು ಪ್ಲಾಸ್ಟಿಕ್ ಕಾರ್ಡ್ ತೆಗೆದುಕೊಂಡೆ. ಅದು ನನ್ನ ಹೆಸರು ಕೇಳಲಿಲ್ಲ ನೋಡಿ, ಅದಕ್ಕೆ.

ಈಗ ನಮ್ಮೂರಿಗೆ ಬರೋಣ. ಮೈಸೂರು ಸರ್ಕಾರ ತಾನೇ ಬಸ್ಸು ಓಡಿಸಲು ಶುರು ಮಾಡಿದ್ದು 1948ರ ಸೆಪ್ಟೆಂಬರಿನಲ್ಲಿ. 1961ರಲ್ಲಿ ಅದು ನಿಗಮವಾಯಿತು. ಹಳೆ ಮೈಸೂರಿನ ಹಲವು ಕಡೆ ರೂಟುಗಳು ಸರ್ಕಾರದ ಪಾಲಾದರೂ ಮಲೆನಾಡು, ಕರಾವಳಿಗಳಲ್ಲಿ ಖಾಸಗಿ ಬಸ್ಸಿನವರೇ ಉಳಿದರು. ಹಾಗಾಗಿ ಸಾಗರ, ಹೊಸನಗರ, ತೀರ್ಥಹಳ್ಳಿಯ ಜನಕ್ಕೆ ಬಸ್ಸು ಅಂದರೆ ಒಂದು ಹೆಸರು. ಗಜಾನನ ಬಂತು, ಶಂಕರ್ ಹೋಯಿತು ಅಂತ ಗಡಿಯಾರ ನೋಡದೆ ಹೊತ್ತು ಹೇಳುತ್ತಿದ್ದರು.

ಈ ಶಂಕರ್ ಕತೆ ಸ್ವಲ್ಪ ನಿಂತು ಹೇಳಬೇಕು. ಕೊಪ್ಪದ ಶಂಕರ್ ಟ್ರಾನ್ಸ್‌ಪೋರ್ಟ್ ಕಂಪನಿ ಕಾರ್ಮಿಕರ ಗಲಾಟೆಯಲ್ಲಿ ನಿಂತುಹೋಯಿತು. ಬರಬೇಕಾದ ಬಾಕಿಗೆ ಬದಲಾಗಿ ಕಾರ್ಮಿಕರಿಗೆ ಸಿಕ್ಕಿದ್ದು ಕೆಲವು ಬಸ್ಸುಗಳು. ಅವನ್ನಿಟ್ಟುಕೊಂಡು 1991ರಲ್ಲಿ ಅವರು ಕಟ್ಟಿದ್ದೇ ಸಹಕಾರ ಸಾರಿಗೆ. ಡ್ರೈವರ್, ಕಂಡಕ್ಟರ್, ಮೆಕ್ಯಾನಿಕ್ ಎಲ್ಲರೂ ಅದರ ಸದಸ್ಯರು, ಅಂದರೆ ಮಾಲೀಕರು. ಬಸ್ಸುಗಳ ಸಂಖ್ಯೆ ಎಪ್ಪತ್ತು ದಾಟಿತು. ತೀರ್ಥಹಳ್ಳಿ, ಶೃಂಗೇರಿ, ಶಿವಮೊಗ್ಗ ಕಡೆಯ ಹಳ್ಳಿ ಮಕ್ಕಳು ಅದರ ರಿಯಾಯಿತಿ ಪಾಸಿನಲ್ಲೇ ಕಾಲೇಜು ಕಂಡರು. ಡೀಸೆಲ್ ದರ, ಸಾಲ ಎಲ್ಲಾ ಸೇರಿ 2020ರಲ್ಲಿ, ಕೊರೊನಾ ಲಾಕ್‌ಡೌನಿಗೂ ಮೊದಲೇ, ಅದು ನಿಂತಿತು. ಸರ್ವರ್ ಆಫ್ ಆದರೆ ಆ್ಯಪ್ ಏನಾಗುತ್ತದೋ ಬಸ್ಸು ನಿಂತರೆ ಪಾಸು ಅದೇ ಆಗುತ್ತದೆ.

ಇನ್ನು ಟಿಕೆಟ್ಟು. ತೆಳ್ಳನೆ ಬಣ್ಣದ ಕಾಗದದ ಕಟ್ಟು, ದರ ಅಚ್ಚಾದ ಚೀಟಿ, ಕಂಡಕ್ಟರ್ ಕೈಯ ಪಂಚ್‌ನ ಟಿಕ್ ಟಿಕ್ ಸದ್ದು. ಚಿಲ್ಲರೆ ಇಲ್ಲದಿದ್ದರೆ ಟಿಕೆಟ್ಟಿನ ಬೆನ್ನ ಮೇಲೆ "7" ಅಂತ ಗೀಚಿ ಅದಕ್ಕೊಂದು ಸುತ್ತು. ಇಳಿಯುವಾಗ ಇಸ್ಕೊಳ್ಳಿ! ಇದನ್ನು ಎಷ್ಟೋ ಸಲ ಬೈದುಕೊಂಡಿದ್ದೇವೆ. ಆದರೆ ಇಂಜಿನಿಯರ್ ಕಣ್ಣಿನಿಂದ ನೋಡಿದರೆ ಇದಕ್ಕೂ ಶಾಂಘೈ ಕಾರ್ಡಿಗೂ ವ್ಯತ್ಯಾಸ ಕಡಿಮೆ. ಬಾಕಿ ಎಷ್ಟು ಅನ್ನುವುದು ಪ್ರಯಾಣಿಕನ ಕೈಯಲ್ಲೇ ಇದೆ, ಬ್ಯಾಂಕು ಬೇಡ, ಹೆಸರು ಬೇಡ. ಟಿಕೆಟ್ ಕಳೆದರೆ ದುಡ್ಡೂ ಹೋಯಿತು, ಹೆಸರಿಲ್ಲದ ಕಾರ್ಡಿನಂತೆಯೇ. ಸೆಕ್ಯೂರಿಟಿ ಮಾತ್ರ ಕಂಡಕ್ಟರನ ಅಕ್ಷರ.

ಇದರ ಜೊತೆ ಇನ್ನೊಂದು ಖಾತೆಯೂ ಇತ್ತು, ಕಂಡಕ್ಟರನ ತಲೆಯೊಳಗೆ. ಅಡಿಕೆ ಕೊಯ್ಲಿನ ಸಮಯದಲ್ಲಿ "ನಾಳೆ ಕೊಡ್ತೆ ಮಾರಾಯಾ" ಅಂದರೆ ನಡೆಯುತ್ತಿತ್ತು. ಔಷಧಿ ಪೊಟ್ಟಣ, ಪೇಪರ್ ಬಂಡಲ್, ನೆಂಟರ ಮನೆಯ ಹಲಸಿನಹಣ್ಣು ಟಿಕೆಟ್ ಇಲ್ಲದೆ ಊರು ಮುಟ್ಟುತ್ತಿದ್ದವು. ಆದರೆ ಈ ಖಾತೆ ಪರಿಚಯದವರಿಗೆ ಮಾತ್ರ. ಬೇರೆ ಊರಿಂದ ಕೆಲಸಕ್ಕೆ ಬಂದ ಕೂಲಿಯವನು ನಾಳೆ ಕೊಡುತ್ತೇನೆ ಅಂದರೆ ಇಳಿಸಿಬಿಡುತ್ತಿದ್ದರು. ಹಳೆಯದೆಲ್ಲ ಚೆಂದ ಅಂತ ಬರೆಯುವುದು ಸುಲಭ, ಇದನ್ನೂ ಬರೆಯಬೇಕಲ್ಲ.

ಸರ್ಕಾರಿ ಬಸ್ಸಿನಲ್ಲಿ "ನೀವು ಯಾರು?" ಅನ್ನುವುದು ದೊಡ್ಡದಾಗಿ ಕೇಳಿದ್ದು 2023ರ ಜೂನ್ 11ರಂದು, ಶಕ್ತಿ ಯೋಜನೆ ಶುರುವಾದಾಗ. ಕರ್ನಾಟಕದ ಹೆಣ್ಣುಮಕ್ಕಳಿಗೆ ಉಚಿತ. ಗುರುತಿನ ಚೀಟಿ ತೋರಿಸಿದರೆ ಶೂನ್ಯ ಟಿಕೆಟ್. ಒಳ್ಳೆಯದೇ, ಅದರಿಂದ ಎಷ್ಟೋ ಹೆಂಗಸರು ತವರಿಗೆ, ಆಸ್ಪತ್ರೆಗೆ ಯಾರ ಕೈಯೂ ನೋಡದೆ ಹೋಗುವಂತಾಯಿತು. ಪಕ್ಕದ ರಾಜ್ಯದವಳಾದರೆ ಪೂರ್ತಿ ದರ. ಅದೂ ಸರಿ ಅನ್ನೋಣ. ಆದರೆ ಹೊಸನಗರ, ತೀರ್ಥಹಳ್ಳಿಯ ಒಳ ಹಳ್ಳಿಗಳಲ್ಲಿ ಓಡುವುದು ಖಾಸಗಿ ಬಸ್ಸು. ಕೈಯಲ್ಲಿ ಆಧಾರ್ ಇದೆ, ಪ್ರಶ್ನೆಗೆ ಸರಿಯಾದ ಉತ್ತರವೂ ಇದೆ, ಕೇಳುವ ಬಸ್ಸೇ ಬರುವುದಿಲ್ಲ. ಬೆಂಗಳೂರಿನ ನನ್ನ ಪಿಜಿಯ ಅಡುಗೆಯಕ್ಕ ದಿನಾ ಉಚಿತವಾಗಿ ಓಡಾಡುತ್ತಾರೆ, ಊರಲ್ಲಿ ನಮ್ಮ ಅತ್ತೆ ದುಡ್ಡು ಎಣಿಸಿ ಕೊಡುತ್ತಾರೆ. ಶಾಂಘೈಯಲ್ಲಿ ಹೊರಗಿನವನು ಹೊರಗುಳಿದಿದ್ದ, ಇಲ್ಲಿ ಒಳಗಿನವರೇ.

ಫೋನಿನ ವಿಷಯದಲ್ಲಿ ನಾವು ಚೀನಾದ ದಾರಿ ಹಿಡಿಯಲಿಲ್ಲ. ತಾಗಿಸುವ ಕಾರ್ಡು ನಮ್ಮಲ್ಲಿ ನಮ್ಮ ಮೆಟ್ರೋ ಜೊತೆ 2011ರಲ್ಲೇ ಬಂದರೂ ಶಿವಮೊಗ್ಗ ಜಿಲ್ಲೆಯ ಹಳ್ಳಿ ಬಸ್ಸು ಹತ್ತಲಿಲ್ಲ. ಇಲ್ಲಿಗೆ ಬಂದಿದ್ದು ಯುಪಿಐ. ಕೆಎಸ್‌ಆರ್‌ಟಿಸಿ 2024ರ ಕೊನೆಗೆ ಟಿಕೆಟ್ ಮೆಶೀನಿನಲ್ಲೇ ಕ್ಯೂಆರ್ ತೋರಿಸತೊಡಗಿತು. ನಮ್ಮೂರ ಖಾಸಗಿ ಕಂಡಕ್ಟರ್ ಪುಟ್ಟ ಕ್ಯೂಆರ್ ಚೀಟಿಯನ್ನು ದುಡ್ಡಿನ ಬ್ಯಾಗಿಗೇ ಅಂಟಿಸಿಕೊಂಡಿದ್ದಾನೆ. ಒಬ್ಬ ಚೀನಾದವನು ಜೋಗ ನೋಡಲು ಬಂದು ಆ ಬಸ್ಸು ಹತ್ತಿದ ಅಂತಿಟ್ಟುಕೊಳ್ಳಿ. ಅವನಿಗೂ ಅದೇ ಪಾಡು, ಯುಪಿಐಗೆ ಇಲ್ಲಿನ ಬ್ಯಾಂಕ್ ಖಾತೆ ಬೇಕು. ವಿದೇಶಿಯರಿಗಾಗಿ 2023ರಲ್ಲಿ ಪಾಸ್‌ಪೋರ್ಟ್ ಮೇಲೆ ಕೊಡುವ ಪ್ರೀಪೇಯ್ಡ್ ಯುಪಿಐ ತಂದರು ನಿಜ, ಆದರೆ ಸಾಗರದ ಬಸ್‌ಸ್ಟ್ಯಾಂಡಿನಲ್ಲಿ ಹತ್ತಿಳಿದವನಿಗೆ ಅದು ದೂರದ ಮಾತು. ಐವತ್ತರ ನೋಟು ಕೊಟ್ಟರೆ ಮಾತ್ರ ಯಾರೂ ಏನೂ ಕೇಳುವುದಿಲ್ಲ.

ಅಷ್ಟಕ್ಕೂ ಹೊಸನಗರ ದಾಟಿ ನಗರದ ಕಡೆ ಕಾಡು ಹೊಕ್ಕರೆ ಸಿಗ್ನಲ್ ಎಲ್ಲಿರುತ್ತದೆ? ಹೋದ ಸಲ ಊರಿಗೆ ಹೋದಾಗ ನನ್ನ ಫೋನಿನಲ್ಲಿ ಚಕ್ರ ತಿರುಗುತ್ತಲೇ ಇತ್ತು. ಕಂಡಕ್ಟರ್ ಒಮ್ಮೆ ಫೋನು ನೋಡಿದ, ಒಮ್ಮೆ ನನ್ನ ಮುಖ ನೋಡಿದ. "ಇರ್ಲಿ ಬಿಡಿ, ಸಿಗ್ನಲ್ ಬಂದಾಗ ಹಾಕಿ" ಅಂದು ಮುಂದಿನ ಸೀಟಿಗೆ ಹೋದ.